ಪದದ ಕೊನೆಯ ವ್ಯಂಜನ ಮತ್ತು ಮನೆಯ ಮಾತು

ಕಳೆದ ಜೂನ್ ತಿಂಗಳಲ್ಲಿ, ಶಾಲೆಗಳು ಆರಂಭವಾಗಿ ಎರಡು ವಾರ ಕಳೆದಿದ್ದಾಗ, ಶಿವಾಜಿನಗರದ ನಮ್ಮ ಓಣಿಯಲ್ಲಿರುವ ಒಂದು ಕನ್ನಡ ಕುಟುಂಬದ ತಂದೆ ತಾಯಿಯರು ಸಂಜೆ ನಮ್ಮ ಮನೆಗೆ ಬಂದರು. ಅವರ ಮಗಳು ಆಂಗ್ಲ ಮಾಧ್ಯಮದ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ಸೇರಿದ್ದಾಳೆ. ಮಗು ತರಗತಿಯಲ್ಲಿ 'ಬಸ್ಸು', 'ಪೆನ್ನು', 'ಬುಕ್ಕು' ಎನ್ನುತ್ತದೆಯಂತೆ. ಉಳಿದ ಮಕ್ಕಳು ನಗುತ್ತಾರಂತೆ. ಶಾಲೆಯವರು ತಂದೆ ತಾಯಿಯರನ್ನು ಕರೆಯಿಸಿ, ಇದಕ್ಕೆಲ್ಲ ಮನೆಯ ಭಾಷೆಯೇ ಕಾರಣ, ಕೆಲವು ಕಾಲ ಮನೆಯಲ್ಲಿ ಕನ್ನಡ ನಿಲ್ಲಿಸಿ ನೋಡಿ ಎಂದು ಸಲಹೆ ಕೊಟ್ಟಿದ್ದಾರೆ. "ತಾವು ಹಿರಿಯರು, ಏನು ಮಾಡಬೇಕು ಹೇಳಿ" ಎಂದು ಆ ತಾಯಿ ಕೇಳಿದಾಗ ನನಗೆ ಕೂಡಲೇ ಉತ್ತರ ಹೊರಡಲಿಲ್ಲ. ಏಕೆಂದರೆ ಮೂವತ್ತು ವರ್ಷಗಳಿಗೂ ಹಿಂದೆ ಇದೇ ಸಲಹೆಯನ್ನು ನನಗೂ ಒಬ್ಬರು ಕೊಟ್ಟಿದ್ದರು, ನಾನು ಅದನ್ನು ಪಾಲಿಸಿಯೂ ಇದ್ದೆ.

ಅದು 1992ರ ಮಾತು. ನನ್ನ ಮಗ ಆಗ ಎರಡನೆಯ ತರಗತಿಯಲ್ಲಿದ್ದ. ಅವನ ಶಾಲೆಯ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಹುಡುಗ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಬಾಲ ಹಚ್ಚುತ್ತಾನೆ, ಮನೆಯಲ್ಲಿ ಕನ್ನಡ ಬಿಡದಿದ್ದರೆ ಈ ನಾಲಿಗೆ ತಿದ್ದಲಾರದು ಎಂದು ಅಲ್ಲಿ ಹೇಳಿದರು. ನೌಕರಿಗಾಗಿ ಊರು ಬಿಟ್ಟು ಬಂದವನಿಗೆ ಮಗನ ಭವಿಷ್ಯದ ಭಯ ದೊಡ್ಡದು. ಮನೆಯಲ್ಲಿ ನಾನೂ ನನ್ನ ಪತ್ನಿಯೂ ಹುಡುಗನೊಡನೆ ನಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಮಾತಾಡತೊಡಗಿದೆವು. ಗದಗಿನ ಕಡೆಯ ಹಳ್ಳಿಯಿಂದ ಬಂದು ನಮ್ಮೊಡನಿದ್ದ ನನ್ನ ತಾಯಿಗೆ ಕನ್ನಡವೊಂದೇ ಗೊತ್ತು. ಅವಳಿಗೆ ನಾವು ಏನನ್ನೂ ವಿಧಿಸಲಿಲ್ಲ. ಆದರೆ ಮೊಮ್ಮಗ ತನ್ನೊಡನೆ ಮಾತಾಡುವಾಗ ನಮ್ಮ ಮುಖ ನೋಡುತ್ತಾನೆಂಬುದನ್ನು ಅವಳು ಬೇಗ ಗುರುತಿಸಿದಳು. ಕ್ರಮೇಣ ಕಥೆ ಹೇಳುವುದನ್ನು ಬಿಟ್ಟಳು. ಹೀಗೆ ಒಂದೂವರೆ ವರ್ಷ ಕಳೆಯಿತು. ಹುಡುಗನ 'ಬಸ್ಸು' ಮಾತ್ರ ಬಸ್ಸಾಗಿಯೇ ಉಳಿಯಿತು, ಏಕೆಂದರೆ ನಮ್ಮ ಇಂಗ್ಲಿಷಿನಲ್ಲಿಯೂ ಅದು ಬಸ್ಸೇ ಆಗಿತ್ತು!

ಒಂದು ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಓಣಿಯ ಮರಾಠಿ ಹುಡುಗರೊಡನೆ ಶಾಲೆಯ ವಾಹನಕ್ಕಾಗಿ ಕಾಯುತ್ತಿದ್ದ ನನ್ನ ಮಗ, ತಿರುವಿನಲ್ಲಿ ಅದು ಕಂಡೊಡನೆ "ಬಸ್ ಆಲೀ, ಬಸ್ ಆಲೀ" ಎಂದು ಮರಾಠಿಯಲ್ಲಿ ಕೂಗಿದ. 'ಸ್' ಎಂಬಲ್ಲಿಗೆ ಪದ ಮುಗಿದಿತ್ತು, ಅದಕ್ಕೆ ಯಾವ ಬಾಲವೂ ಇರಲಿಲ್ಲ. ನಾನು ಬೆರಗಾದೆ. ಮರಾಠಿಯಲ್ಲಿ ಘರ್, ಹಾತ್, ಫೂಲ್, ದೂಧ್ ಎಂದು ದಿನವೂ ಹೇಳುತ್ತಿದ್ದ ನಾಲಿಗೆಗೆ ವ್ಯಂಜನದಲ್ಲಿ ನಿಲ್ಲಲು ಬರುವುದಿಲ್ಲವೆಂದು ನಾವು ಒಂದೂವರೆ ವರ್ಷ ನಂಬಿದ್ದೆವಲ್ಲ! 'ಬಸ್ಸು' ಅವನ ಕನ್ನಡ ಪದ, 'ಬಸ್' ಅವನ ಮರಾಠಿ ಪದ. ಇಂಗ್ಲಿಷ್ ಪದ ಇವುಗಳಲ್ಲಿ ಯಾವುದರಂತೆ ಕೊನೆಗೊಳ್ಳುತ್ತದೆಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಅಂದು ಸಂಜೆಯಿಂದಲೇ ಮನೆಗೆ ಕನ್ನಡ ಮರಳಿತು. ಆದರೆ ಅಜ್ಜಿಯ ಕಥೆಗಳು ಮೊದಲಿನಂತೆ ಮರಳಲಿಲ್ಲ. 1996ರಲ್ಲಿ ಅವಳು ತೀರಿಕೊಂಡಳು. ಮಗ ಇಂದು ಕನ್ನಡ ಮಾತಾಡುತ್ತಾನೆ, ಓದಲಾರ.

ಈ ಸ್ವಂತ ವಿಷಯವನ್ನು ಇಷ್ಟು ವಿಸ್ತಾರವಾಗಿ ಬರೆದುದಕ್ಕೆ ಓದುಗರು ಕ್ಷಮಿಸಬೇಕು. ಇಂಗ್ಲಿಷ್ ಪದಗಳ ಕೊನೆಯ ವ್ಯಂಜನವನ್ನು ಎಳೆಯ ಮಕ್ಕಳಿಗೆ ಗುರುತಿಸಲು, ಉಚ್ಚರಿಸಲು ಕಲಿಸುವುದು ಒಂದು ಸಣ್ಣ ಬೋಧನಕಾರ್ಯ, ಕೆಲವು ತಿಂಗಳ ಕೆಲಸ. ಆ ಕೆಲಸವನ್ನು ಮಾಡದೆ ಅದರ ಬೆಲೆಯನ್ನು ಕನ್ನಡದಿಂದ ವಸೂಲು ಮಾಡುವುದು ಅನ್ಯಾಯ. ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಆ 'ಉ'ಕಾರದ ವಿಚಾರ. ಇದನ್ನು ಅಜ್ಞಾನದ ಗುರುತೆಂದು ನಗುವವರು ಅದರ ಹಿಂದಿರುವ ನಿಯಮವನ್ನು ಕಂಡಿಲ್ಲ. ಹಳಗನ್ನಡದಲ್ಲಿ ಕಣ್, ಮಣ್, ಕಲ್, ಮುಳ್ ಎಂದಿದ್ದ ಪದಗಳು ನಡುಗನ್ನಡದ ಕಾಲಕ್ಕೆ ಕಣ್ಣು, ಮಣ್ಣು, ಕಲ್ಲು, ಮುಳ್ಳು ಎಂದಾದವು. ಒಂದೇ ಹ್ರಸ್ವಸ್ವರವಿದ್ದ ಕಡೆ ವ್ಯಂಜನ ಇಮ್ಮಡಿಸಿ 'ಉ' ಸೇರಿತು. ಕಾಲ್, ಪಾಲ್, ನೀರ್, ತೇರ್ ಎಂಬಲ್ಲಿ ಸ್ವರ ದೀರ್ಘವಾದುದರಿಂದ ಇಮ್ಮಡಿಸದೆ ಕಾಲು, ಹಾಲು, ನೀರು, ತೇರು ಎಂದಾಯಿತು. ಬೆರಳ್, ಕೊರಳ್ ಎಂಬ ಎರಡಕ್ಷರದ ಪದಗಳೂ ಇಮ್ಮಡಿಸದೆ ಬೆರಳು, ಕೊರಳು ಎಂದಾದವು. ಈಗ ನಮ್ಮ ಮಗುವಿನ ಇಂಗ್ಲಿಷನ್ನು ನೋಡಿ. ಪೆನ್, ಬಸ್, ಬೆಲ್, ಕಪ್ ಎಂಬವು ಪೆನ್ನು, ಬಸ್ಸು, ಬೆಲ್ಲು, ಕಪ್ಪು ಆಗುತ್ತವೆ. ಕಾರ್, ರೋಡ್, ರೈಲ್ ಎಂಬವು ಕಾರು, ರೋಡು, ರೈಲು ಆಗುತ್ತವೆ. ಪೇಪರ್, ಹೋಟೆಲ್ ಎಂಬವು ಪೇಪರು, ಹೋಟೆಲು ಆಗುತ್ತವೆ. ನಮ್ಮ ಪೂರ್ವಿಕರು ಶತಮಾನಗಳಲ್ಲಿ ಮಾಡಿದ್ದನ್ನು ಆರು ವರ್ಷದ ಮಗು ತಾನು ಕಲಿತ ಭಾಷೆಯ ಧರ್ಮಕ್ಕನುಸಾರವಾಗಿ ಒಂದು ಕ್ಷಣದಲ್ಲಿ ಮಾಡುತ್ತದೆ. ಜಪಾನಿನ ಮಗುವೂ ಬಸ್ಸನ್ನು 'ಬಸು' ಎನ್ನುತ್ತದೆ. ಜರ್ಮನ್ನರು ಪದದ ಕೊನೆಯ 'ದ್'ಕಾರವನ್ನು 'ತ್'ಕಾರದಂತೆ ಉಚ್ಚರಿಸುವ ತಮ್ಮ ಅಭ್ಯಾಸವನ್ನು ಇಂಗ್ಲಿಷಿಗೂ ಒಯ್ಯುತ್ತಾರೆ. ಇದಕ್ಕಾಗಿ ಮನೆಯಲ್ಲಿ ಜಪಾನಿ ಬಿಡಿ, ಜರ್ಮನ್ ಬಿಡಿ ಎಂದು ಹೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಜಂಗಲಿ ಮಹಾರಾಜ ರಸ್ತೆಯಲ್ಲಿ, ವಾಹನಗಳ ಗದ್ದಲದ ನಡುವೆ, ಪಾತಾಳೇಶ್ವರದ ಗುಹಾಲಯವಿದೆ. ರಾಷ್ಟ್ರಕೂಟರ ಕಾಲದ್ದು, 8ನೆಯ ಶತಮಾನದ್ದೆಂದು ಅದನ್ನು ಗುರುತಿಸುತ್ತಾರೆ. ಆ ಅರಸರ ಆಳ್ವಿಕೆಯಲ್ಲಿಯೇ ಮುಂದೆ 9ನೆಯ ಶತಮಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಆ ಕಾಲದ ಕನ್ನಡಿಗರು ಕಣ್ ಎಂದರು, ಪಾಲ್ ಎಂದರು, ಅವಳ್ ಎಂದರು, ಬಂದನ್ ಎಂದರು. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ವ್ಯಂಜನಾಂತ ಪದಗಳಿಗೆ ವ್ಯಾಕರಣದ ಸ್ಥಾನವೇ ಉಂಟು. ವ್ಯಂಜನದಲ್ಲಿ ನಿಲ್ಲುವುದು ಕನ್ನಡದ ಬಾಯಿಗೆ ಪರಕೀಯವೆಂಬ ಮಾತು ಆದ್ದರಿಂದ ನಿಲ್ಲುವುದಿಲ್ಲ. ಇಂದಿಗೂ ಕಣ್ಮಣಿ, ಕಾಲ್ನಡಿಗೆ, ನೀರ್ಗುಳ್ಳೆ ಎಂಬ ಸಮಾಸಗಳಲ್ಲಿ ಆ ಹಳೆಯ ಕೊನೆಗಳು ಜೀವಂತವಾಗಿವೆ. ಆಡುಮಾತಿನಲ್ಲಿ "ಕಾಲ್ ನೋಯ್ತದ", "ಹಾಲ್ ಕುಡಿ" ಎನ್ನುವಾಗ ನಾವೆಲ್ಲರೂ ಆ 'ಉ'ಕಾರವನ್ನು ಅರಿವಿಲ್ಲದೆ ಬಿಡುತ್ತೇವೆ.

ಹಾಗಾದರೆ ತೊಡಕು ಎಲ್ಲಿದೆ? ನಾಲಿಗೆಗಿಂತ ಹೆಚ್ಚಾಗಿ ಕಿವಿಯಲ್ಲಿದೆ. ಎಳೆಯ ಮಗು ಮಾತನ್ನು ಉಚ್ಚಾರಾಂಶಗಳಾಗಿ ಕೇಳುತ್ತದೆ, ಬಿಡಿ ಧ್ವನಿಗಳಾಗಿ ಕೇಳುವುದಿಲ್ಲ. 1974ರಲ್ಲಿ ಅಮೆರಿಕದಲ್ಲಿ ಇಸಾಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು ಮಕ್ಕಳಿಗೆ ಪದವನ್ನು ಭಾಗಮಾಡಿ ಮೇಜಿನ ಮೇಲೆ ತಟ್ಟಿ ತೋರಿಸಲು ಹೇಳಿದರು. ನಾಲ್ಕು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಉಚ್ಚಾರಾಂಶಗಳನ್ನು ತಟ್ಟಬಲ್ಲವರಾದರು, ಧ್ವನಿಗಳನ್ನು ಒಂದು ಮಗುವೂ ತಟ್ಟಲಾರದಾಯಿತು. ಒಂದನೆಯ ತರಗತಿ ಮುಗಿಯುವ ವೇಳೆಗೆ ನೂರಕ್ಕೆ 70ರಷ್ಟು ಮಕ್ಕಳು ಧ್ವನಿಗಳನ್ನೂ ಬಿಡಿಸಬಲ್ಲವರಾದರು. ಬಿಡಿ ಧ್ವನಿಯನ್ನು ಕೇಳುವುದು ಓದು ಕಲಿಯುತ್ತ ಬರುವ ವಿದ್ಯೆ ಎಂದಾಯಿತು. ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಕನ್ನಡದ ಲಿಪಿ ವ್ಯಂಜನ ಸ್ವರಗಳನ್ನು ಒಂದೇ ಅಕ್ಷರದಲ್ಲಿ ಬೆಸೆದು ತೋರಿಸುತ್ತದೆ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡ ಓದು ಕಲಿಯುವ ಮಕ್ಕಳಲ್ಲಿ ಬಿಡಿ ಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆಂದು ತೋರಿಸಿತು. ಇದು ನಮ್ಮ ಲಿಪಿಯ ದೋಷವಲ್ಲ, ಅದರ ಸ್ವಭಾವ. ಕಲಿಸುವವರು ಅದನ್ನು ತಿಳಿದಿರಬೇಕಾದುದು ಅಗತ್ಯ.

ಇಷ್ಟೆಲ್ಲ ಏಕೆ, ನಮ್ಮ ಇಂಗ್ಲಿಷ್ ನಮ್ಮಂತೆಯೇ ಇರಲಿ, ಲಂಡನ್ನಿನವರನ್ನು ಅನುಕರಿಸುವ ದಾಸ್ಯವೇಕೆ ಎಂದು ಕೇಳುವ ಮಿತ್ರರು ನಮ್ಮ ಸಂಘದಲ್ಲಿಯೇ ಇದ್ದಾರೆ. ಅವರ ಸ್ವಾಭಿಮಾನ ನನಗೆ ಪ್ರಿಯವಾದುದು. ಮಾತಿನ ಧಾಟಿ ನಮ್ಮದೇ ಇರಲಿ. ಆದರೆ ಇಂಗ್ಲಿಷಿನಲ್ಲಿ ಪದದ ಕೊನೆ ಎಂಬುದು ಧಾಟಿಯ ವಿಷಯವಲ್ಲ, ಅರ್ಥದ ವಿಷಯ. ಕ್ಯಾಪ್ ಎಂದರೆ ಟೊಪ್ಪಿಗೆ, ಕ್ಯಾಬ್ ಎಂದರೆ ಬಾಡಿಗೆಯ ಕಾರು. ಸೀಟ್ ಎಂದರೆ ಆಸನ, ಸೀಡ್ ಎಂದರೆ ಬೀಜ. ಬ್ಯಾಕ್ ಎಂದರೆ ಬೆನ್ನು, ಬ್ಯಾಗ್ ಎಂದರೆ ಚೀಲ. ಅದಕ್ಕಿಂತ ಮುಖ್ಯವಾಗಿ ಆ ಭಾಷೆಯ ವ್ಯಾಕರಣದ ದೊಡ್ಡ ಭಾಗ ಪದದ ಕೊನೆಯ ಒಂದು ವ್ಯಂಜನದ ಮೇಲೆ ನಿಂತಿದೆ. ಒಂದು ಬೆಕ್ಕು, ಹಲವು ಬೆಕ್ಕು ಎಂಬ ಭೇದ ಕ್ಯಾಟ್, ಕ್ಯಾಟ್ಸ್ ಎಂಬುದರ 'ಸ್'ಕಾರದಲ್ಲಿದೆ. ನಡೆಯುತ್ತಾರೆ, ನಡೆದರು ಎಂಬ ಭೇದ ವಾಕ್, ವಾಕ್ಟ್ ಎಂಬುದರ 'ಟ್'ಕಾರದಲ್ಲಿದೆ. ನಮ್ಮ ಕನ್ನಡದಲ್ಲಿ 'ಗಳು', 'ದರು' ಎಂದು ತುಂಬು ಪ್ರತ್ಯಯಗಳು ಸ್ವರದೊಡನೆ ಗಟ್ಟಿಯಾಗಿ ಕೇಳಿಸುತ್ತವೆ. ಅಲ್ಲಿ ಅದೇ ಕೆಲಸವನ್ನು ಉಸಿರಿನಷ್ಟು ಸಣ್ಣ ಧ್ವನಿ ಮಾಡುತ್ತದೆ. ಅದನ್ನು ಕೇಳದ ಮಗು ಬರೆಯುವಾಗಲೂ ಅದನ್ನು ಬಿಡುತ್ತದೆ, ಆಮೇಲೆ ವ್ಯಾಕರಣ ಬಾರದೆಂಬ ಅಪವಾದವನ್ನು ಹೊರುತ್ತದೆ.

ಕಲಿಸುವ ಬಗೆ ಹೇಗೆ? ನಮ್ಮ ಓಣಿಯ ನಿವೃತ್ತ ಮರಾಠಿ ಶಿಕ್ಷಕಿಯೊಬ್ಬರು ನನ್ನ ಮಗನಿಗೆ ಕಲಿಸಿದ್ದನ್ನು ನೋಡಿ, ಮುಂದೆ ಭಾನುವಾರಗಳಲ್ಲಿ ನೆರೆಯ ಮಕ್ಕಳಿಗೆ ನಾನೇ ಕಲಿಸುತ್ತ ಕಂಡುಕೊಂಡ ಕೆಲವು ಮಾತುಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಬರವಣಿಗೆ. ಎರಡು ಪದಗಳನ್ನು ಹೇಳಿ, ಕೊನೆ ಒಂದೇ ಆಗಿದ್ದರೆ ಕುಳಿತುಕೊಳ್ಳಿ, ಬೇರೆಯಾಗಿದ್ದರೆ ಎದ್ದು ನಿಲ್ಲಿ ಎಂದು ಆಟ ಆಡಿಸಬೇಕು. ಸನ್ ಮತ್ತು ಪೆನ್ ಎಂದಾಗ ಕುಳಿತಿರುವ ಮಗು, ಕ್ಯಾಪ್ ಮತ್ತು ಕ್ಯಾಟ್ ಎಂದಾಗ ಎದ್ದರೆ ಅದಕ್ಕೆ ಕೇಳಿಸಿತೆಂದು ಅರ್ಥ. ಒಂದೆರಡು ವಾರ ಮಗುವಿನಿಂದ ಏನನ್ನೂ ಹೇಳಿಸದಿದ್ದರೂ ನಷ್ಟವಿಲ್ಲ.

ಬಾಯಿಯ ಅಭ್ಯಾಸದಲ್ಲಿ ಸುಲಭದಿಂದ ಕಠಿಣಕ್ಕೆ ಹೋಗಬೇಕು, ಆ ಕ್ರಮವನ್ನು ಕನ್ನಡದ ಚರಿತ್ರೆಯೇ ಕೊಡುತ್ತದೆ. ಹಳಗನ್ನಡದ ಪದಗಳು ನ್, ಣ್, ಮ್, ರ್, ಲ್, ಳ್ ಮೊದಲಾದ ಎಳೆದು ನಿಲ್ಲಿಸಬಲ್ಲ ಧ್ವನಿಗಳಲ್ಲಿ ಮುಗಿಯುತ್ತಿದ್ದವು. ಕ್, ಟ್, ಪ್ ಎಂಬ ತಡೆಧ್ವನಿಗಳಲ್ಲಿ ಮುಗಿಯುತ್ತಿರಲಿಲ್ಲ. ಆದ್ದರಿಂದ ಪೆನ್, ಬಾಲ್, ಡ್ರಮ್ ಎಂಬವುಗಳಿಂದ ಆರಂಭಿಸಿ, ಬಸ್, ಫಿಶ್ ಎಂಬ ಉಸಿರಿನ ಧ್ವನಿಗಳಿಗೆ ಬಂದು, ಕೊನೆಗೆ ಕಪ್, ಬುಕ್, ಹ್ಯಾಟ್ ಎಂಬಲ್ಲಿಗೆ ಹೋಗುವುದು ಲೇಸು. 'ಮ್', 'ಪ್' ಎಂಬಲ್ಲಿ ಕನ್ನಡಿ ಕೊಟ್ಟು, ತುಟಿ ಮುಚ್ಚಿದ ಮೇಲೆ ಮತ್ತೆ ತೆರೆಯದಂತೆ ನೋಡಿಕೊಳ್ಳಲು ಹೇಳಬೇಕು. ಪದ ಮುಗಿದೊಡನೆ ಮುಷ್ಟಿ ಹಿಡಿಯುವ ಅಭ್ಯಾಸ ಮಾಡಿಸಿದರೆ 'ಉ'ಕಾರ ಹೊರಬೀಳುವ ಮೊದಲೇ ಕೈ ಅದನ್ನು ತಡೆಯುತ್ತದೆ.

ಇನ್ನೊಂದು ಉಪಾಯವನ್ನು ನಮ್ಮ ಸಂಧಿಪ್ರಕರಣ ಒದಗಿಸುತ್ತದೆ. ಪೆನ್ನು ಇಲ್ಲ ಎಂಬುದು 'ಪೆನ್ನಿಲ್ಲ' ಆಗುವಲ್ಲಿ ಮಗು 'ಉ'ಕಾರವನ್ನು ತಾನೇ ಲೋಪ ಮಾಡುತ್ತದೆ. ಲೋಪಸಂಧಿ ಎಂಬ ಹೆಸರು ಅದಕ್ಕೆ ಗೊತ್ತಿರಬೇಕಾಗಿಲ್ಲ. 'ಪೆನ್ನಿಲ್ಲ' ಎಂದು ಹೇಳಿಸಿ, ಮರುಸಲ 'ಇಲ್ಲ' ಎಂಬುದನ್ನು ನುಂಗಿಬಿಡು ಎಂದರೆ ಉಳಿಯುವುದು ಪೆನ್. ಇಂಗ್ಲಿಷಿನಲ್ಲಿಯೂ 'ಪಿಕ್ ಇಟ್ ಅಪ್' ಎಂಬುದು 'ಪಿಕಿಟಪ್' ಎಂದು ಕೂಡಿಕೊಂಡೇ ಬರುತ್ತದೆ. ಬಿಡಿಪದಕ್ಕಿಂತ ಇಂಥ ಕೂಡುನುಡಿಯಲ್ಲಿ ಕೊನೆಯ ವ್ಯಂಜನ ನಮ್ಮ ಮಕ್ಕಳಿಗೆ ಬೇಗ ಒಲಿಯುತ್ತದೆ.

ಘೋಷ ವ್ಯಂಜನಗಳ ವಿಷಯದಲ್ಲಿ ಎಚ್ಚರ ಬೇಕು. 'ಬ್ಯಾಗು' ಎನ್ನುವ ಮಗು 'ಗ'ಕಾರವನ್ನು ಸ್ಪಷ್ಟವಾಗಿಯೇ ನುಡಿಯುತ್ತದೆ, ಅದಕ್ಕೆ ಆ 'ಉ'ಕಾರವೇ ಆಸರೆ. ಆಸರೆಯನ್ನು ತೆಗೆದೊಡನೆ ಬ್ಯಾಗ್ ಎಂಬುದು ಬ್ಯಾಕ್ ಎಂದು ಕೇಳಿಸತೊಡಗುತ್ತದೆ. ಇಂಗ್ಲಿಷಿನವರು ಈ ಭೇದವನ್ನು ಬಹುಮಟ್ಟಿಗೆ ಹಿಂದಿನ ಸ್ವರದ ಉದ್ದದಿಂದ ಕಾಣಿಸುತ್ತಾರೆ. ಬ್ಯಾಗ್, ಕ್ಯಾಬ್, ಸೀಡ್ ಎಂಬಲ್ಲಿ ಸ್ವರ ಎಳೆದಿರುತ್ತದೆ. ಬ್ಯಾಕ್, ಕ್ಯಾಪ್, ಸೀಟ್ ಎಂಬಲ್ಲಿ ಮೊಟಕಾಗಿರುತ್ತದೆ. ಕ ವರ್ಗ, ಪ ವರ್ಗಗಳನ್ನು ಕಲಿತ ಮಗುವಿಗೆ ಗಂಟಲ ಮೇಲೆ ಬೆರಳಿಟ್ಟು 'ಕ', 'ಗ' ಹೇಳಿಸಿ ನಾದದ ಭೇದವನ್ನು ತೋರಿಸುವುದು ಕಷ್ಟವಲ್ಲ. ನಮ್ಮ ವರ್ಣಮಾಲೆ ಧ್ವನಿಶಾಸ್ತ್ರದ ಪಾಠವೇ ಆಗಿದೆ. ಅದನ್ನು ಬಲ್ಲ ಮಗು ಇಲ್ಲಿ ಒಂದು ಹೆಜ್ಜೆ ಮುಂದಿರುತ್ತದೆ. ಡೆಸ್ಕ್, ಟೆಕ್ಸ್ಟ್ ಎಂಬ ಒತ್ತುಗಳ ಕೊನೆಯನ್ನು ಮಾತ್ರ ಎರಡನೆಯ, ಮೂರನೆಯ ತರಗತಿಗೆ ಬಿಡಬೇಕು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದುಂಟು. ನಗಬಾರದು, ನಗಲು ಬಿಡಬಾರದು. 'ಉ'ಕಾರಕ್ಕೆ ನಗೆಯನ್ನುಂಡ ಮಗು ಕೊನೆಯ ವ್ಯಂಜನವನ್ನೇ ನುಂಗಲು ಕಲಿಯುತ್ತದೆ. ಡೆಸ್ಕ್ ಎಂಬುದು 'ಡೆಸ್' ಆಗುತ್ತದೆ, ಫಸ್ಟ್ ಎಂಬುದು 'ಫಸ್' ಆಗುತ್ತದೆ. ಬಳಿಕ ಮಾತನ್ನೇ ಕಡಿಮೆ ಮಾಡುತ್ತದೆ. 'ಬಸ್ಸು' ಎಂಬ ಮಗುವನ್ನು ತಿದ್ದುವುದು ಸುಲಭ, ಸುಮ್ಮನಾದ ಮಗುವನ್ನು ತಿದ್ದುವುದು ಕಷ್ಟ.

ಇನ್ನು ನಮ್ಮ ಕರ್ತವ್ಯ. ಮಹಾರಾಷ್ಟ್ರದಲ್ಲಿ 2000ನೆಯ ಇಸವಿಯಿಂದ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿತು. 2020ರ ಕಾಯಿದೆಯಿಂದ ಮರಾಠಿ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಯಿತು. ಇವೆರಡಕ್ಕೂ ನನ್ನ ತಕರಾರಿಲ್ಲ. ಅನ್ನ ಕೊಟ್ಟ ನಾಡಿನ ಭಾಷೆಯನ್ನು ನಮ್ಮ ಮಕ್ಕಳು ಕಲಿಯಲೇಬೇಕು. ಆದರೆ ಶಾಲೆಯ ಕಡೆಯಿಂದ ಕನ್ನಡಕ್ಕೆ ಯಾವ ಆಸರೆಯೂ ಇಲ್ಲದ ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಉಳಿದಿರುವ ಜಾಗ ಅಡಿಗೆಮನೆ ಮತ್ತು ಅಜ್ಜಿಯ ಮಗ್ಗುಲು. ಅದನ್ನೂ ತೆರವು ಮಾಡಿ ಎಂಬ ಸಲಹೆಗೆ ತಲೆದೂಗುವ ಮೊದಲು ನಾವು ಎರಡು ಬಾರಿ ಯೋಚಿಸಬೇಕು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಕಲಿತು ಪುಣೆಗೆ ಬರುವ ತರುಣರು ಇದೇ 'ಉ'ಕಾರಕ್ಕಾಗಿ ಸಂದರ್ಶನಗಳಲ್ಲಿ ಕುಗ್ಗುವುದನ್ನು ನಾನು ಕಂಡಿದ್ದೇನೆ. ಎಳೆಯ ವಯಸ್ಸಿನಲ್ಲಿ ದಿನಕ್ಕೆ ಹತ್ತು ನಿಮಿಷದ ಅಭ್ಯಾಸ ದೊರೆತಿದ್ದರೆ ಅವರಿಗೆ ಆ ಕುಗ್ಗುವಿಕೆ ಬರುತ್ತಿರಲಿಲ್ಲ. ಹೊರನಾಡಿನ ಸಂಘಗಳು ರಾಜ್ಯೋತ್ಸವ, ನಾಟಕ, ಹಳದಿ ಕುಂಕುಮಗಳೊಡನೆ ಭಾನುವಾರದ ಕನ್ನಡ ತರಗತಿಗಳನ್ನು ನಡೆಸುವಲ್ಲಿ ಈ ಹತ್ತು ನಿಮಿಷಕ್ಕೂ ಎಡೆ ಮಾಡಿಕೊಡಬೇಕು. ಕನ್ನಡ ತರಗತಿಯಲ್ಲಿ ಇಂಗ್ಲಿಷಿನ ಪಾಠವೇ ಎಂದು ಹುಬ್ಬೇರಿಸಬೇಡಿ. ಮಗುವಿನ ಇಂಗ್ಲಿಷಿನ ತೊಡಕನ್ನು ಕನ್ನಡವೇ ಬಿಡಿಸಿತೆಂದು ತಂದೆ ತಾಯಿಯರಿಗೆ ಮನವರಿಕೆಯಾದರೆ ಕನ್ನಡವನ್ನು ಮನೆಯಿಂದ ಹೊರಗಟ್ಟಲು ಅವರಿಗೆ ಕಾರಣವೇ ಉಳಿಯದು.

ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿ, ಪುಣೆಯಲ್ಲಿ ನೆಲೆಸಿ, 2011ರಲ್ಲಿ ಇಲ್ಲಿಯೇ ತೀರಿಕೊಂಡ ಗಾಯಕರನ್ನು ಈ ಊರು ಭೀಮ್‌ಸೇನ್ ಎಂದು ಕರೆಯಿತು, ನಾವು ಭೀಮಸೇನ ಎಂದು ಕರೆದೆವು. ಎರಡು ಹೆಸರಿಗೂ ಅವರು ಓಗೊಟ್ಟರು. ದಾಸರ ಪದವನ್ನೂ ಅಭಂಗವನ್ನೂ ಹಾಡಿದರು. ಒಂದು ಬಾಯಿಯಲ್ಲಿ ಎರಡು ಭಾಷೆಗಳು ತಮ್ಮ ತಮ್ಮ ಮರ್ಯಾದೆಯಿಂದ ಇರಬಲ್ಲವೆಂಬುದಕ್ಕೆ ನಮಗೆ ದೂರದ ನಿದರ್ಶನ ಬೇಕಾಗಿಲ್ಲ.

ಅಂದು ಸಂಜೆ ಆ ತಂದೆ ತಾಯಿಯರಿಗೆ ನಾನು ನನ್ನ ಮನೆಯ ಕಥೆಯನ್ನೇ ಹೇಳಿದೆ. ಕನ್ನಡ ನಿಲ್ಲಿಸಬೇಡಿ, ಮಗುವನ್ನು ದಿನವೂ ಹತ್ತು ನಿಮಿಷ ಕಳಿಸಿಕೊಡಿ ಎಂದೆ. ಹುಡುಗಿ ಬರುತ್ತಿದ್ದಾಳೆ. ಮುಷ್ಟಿ ಹಿಡಿದು 'ಬಸ್' ಎನ್ನುತ್ತಾಳೆ. 'ಬುಕ್' ಎಂಬಲ್ಲಿ ಇನ್ನೂ ಒಮ್ಮೊಮ್ಮೆ ಮುಷ್ಟಿ ಸಡಿಲಾಗಿ 'ಉ'ಕಾರ ನುಸುಳುತ್ತದೆ. ಮೊನ್ನೆ ನಮ್ಮ ಮನೆಯಿಂದಲೇ ಊರಿನ ಅಜ್ಜಿಗೆ ಫೋನು ಮಾಡಿ, "ಅಜ್ಜೀ, ನಮ್ಮ ಸಾಲಿ ಬಸ್ಸು ತಡಾ ಆತು" ಎಂದಳು. ನಾನು ತಿದ್ದಲಿಲ್ಲ. ಅದು ಸರಿಯಾಗಿಯೇ ಇತ್ತು.